ಓ ಅಂದ ಬಸಪ್ಪ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ಸಗಣಿನೀರು ಹಾಕಿದೆ. ಹಂಡೆ ತುಂಬಿ ಒಲೆಗೆ ಹತ್ತಿಕಟ್ಟಿಗೆ ಒಟ್ಟಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಯಜಮಾನರ ಕೆಮ್ಮಿಗೆ ಕಷಾಯ ಕುದಿಸಿದೆ. ಅವರು ಅದನ್ನು ಕುಡಿಯದೆ ತುಳಸಿಗೆ ಸುರಿದದ್ದನ್ನು ನೋಡಿ, ನೋಡದವಳಂತೆ ಒಳಗೆ ಬಂದೆ. ಅವರ ಹಾರ್ಮೋನಿಯಂ ಪೇಟಿಯ ಧೂಳು ಒರೆಸಿದೆ. ರಾತ್ರಿ ನೆನೆಹಾಕಿದ್ದ ಕಡಲೆ ಬೇಯಿಸಿ ಗುಗ್ಗರಿ ಮಾಡಿ, ಮಧ್ಯಾಹ್ನ ಪಕ್ಕದ ಮನೆಯ ಗಂಗವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವುದಕ್ಕೆ ಹೋಗಿಬಂದೆ. ಮಗುವಿಗೆ ಇಟ್ಟ ಹೆಸರು ನನ್ನ ಗಂಡನ ಹೆಸರೇ. ಗಂಡನ ಹೆಸರನ್ನು ಬಾಯಿಂದ ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಅತ್ತೆ ಹೇಳುತ್ತಿದ್ದರು. ಬರೆದರೆ ಏನಾಗುತ್ತದೆ ಎಂಬುದನ್ನು ಅವರು ಹೇಳಿರಲಿಲ್ಲ, ಯಾಕೆಂದರೆ ಅವರಿಗೆ ಬರೆಯಲು ಬರುತ್ತಿರಲಿಲ್ಲ. ಆದ್ದರಿಂದ ಧೈರ್ಯ ಮಾಡಿ ಬರೆಯುತ್ತೇನೆ: ಬಸಪ್ಪ.

ಮೂಡಲಗಿಯಲ್ಲಿ ಈ ಹೆಸರಿಗೆ ಬರಗಾಲವಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಅವನ ಹೆಸರು ಅವನ ಮೊಮ್ಮಗನಿಗೆ. ಸಂತೆಯಲ್ಲಿ ನಿಂತು ಒಮ್ಮೆ ಆ ಹೆಸರು ಕೂಗಿದರೆ ಅರ್ಧ ಸಂತೆ ಹಿಂದಿರುಗಿ ನೋಡುತ್ತದೆ. ನಮ್ಮ ಓಣಿಯಲ್ಲಿ ಒಂದೇ ಗೋಡೆಗೆ ಎರಡು ಮನೆ, ಎರಡಕ್ಕೂ ಬಸಪ್ಪರೇ ಯಜಮಾನರು. ಆ ಕಡೆಯವರು ಗಂಗವ್ವನ ಗಂಡ, ಪೈಲ್ವಾನ ಬಸಪ್ಪ. ಗೋಕಾಕದಿಂದ ಕಣಗಲಾದವರೆಗೆ ಎಲ್ಲಿ ಕುಸ್ತಿಯ ಕಣ ಹಾಕಿದರೂ ಕರೆ ಬರುತ್ತಿತ್ತು. ಈ ಕಡೆಯವರು ನಮ್ಮವರು, ಪೇಟಿ ಬಸಪ್ಪ. ಭಜನೆ, ಬಯಲಾಟ ಎಲ್ಲಿದ್ದರೂ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಹೊರಡುತ್ತಿದ್ದರು. ದಾರಿಯಲ್ಲಿ ಕಂಡವರಿಗೆ ಪೆಟ್ಟಿಗೆಯೇ ಇವರನ್ನು ಹೊತ್ತು ನಡೆದಂತೆ ಕಾಣುತ್ತಿತ್ತು. ಪೈಲ್ವಾನರು ಬೆಳಿಗ್ಗೆ ಬೈಠಕ್ ಹೊಡೆದರೆ ನಮ್ಮ ಅಡುಗೆಮನೆಯ ಗಡಿಗೆಗಳು ಅಲುಗುತ್ತಿದ್ದವು. ನಮ್ಮವರು ಕೆಮ್ಮಿದರೆ ಅವರ ಮನೆಯಲ್ಲಿ ತೊಟ್ಟಿಲ ಕೂಸು ಏಳುತ್ತಿತ್ತು. ಇದನ್ನು ಬಿಟ್ಟರೆ ಎರಡು ಮನೆಗಳ ನಡುವೆ ಜಗಳವೆಂಬುದು ಇರಲಿಲ್ಲ.

ತೊಂದರೆಯೆಲ್ಲ ನಮ್ಮಿಬ್ಬರು ಹೆಂಗಸರದು. ಮದುವೆಮನೆಯಲ್ಲಿ ಒಡಪಿನ ಪದ ಹಾಕಿ ಗಂಡನ ಹೆಸರು ಹೇಳು ಎಂದು ಬಾಗಿಲಿಗೆ ಅಡ್ಡ ನಿಂತರೆ ನಾನು ಸೆರಗು ಕಚ್ಚಿಕೊಂಡು ಹೇಗೋ ಗುನುಗಿ ಪಾರಾಗುತ್ತಿದ್ದೆ. ಗಂಗವ್ವ ಅದನ್ನೂ ಮಾಡುವವಳಲ್ಲ. ಬಾಗಿಲು ಬಿಡದಿದ್ದರೆ ಹೊರಗೇ ಕುಳಿತಿರುತ್ತಿದ್ದಳು. ಒಮ್ಮೆ ಮತದಾರರ ಹೆಸರು ಬರೆದುಕೊಳ್ಳುವುದಕ್ಕೆ ಗೋಕಾಕದಿಂದ ಒಬ್ಬ ಮಾಸ್ತರರು ಬಂದಿದ್ದರು. ಯಜಮಾನರ ಹೆಸರೇನು ಎಂದು ಕೇಳಿದಾಗ ಗಂಗವ್ವ ಗುಡಿಯ ಮುಂದಿನ ಕಲ್ಲಿನ ಬಸವಣ್ಣನ ಕಡೆಗೆ ಬೆರಳು ತೋರಿಸಿದಳು. ಮಾಸ್ತರರು ಜಾಣರು, ಬರೆದುಕೊಂಡರು. ನನ್ನನ್ನು ಕೇಳಿದಾಗ ನಾನೂ ಅದೇ ಕಡೆ ತೋರಿಸಿದೆ. ಅವರು ಲೇಖಣಿ ಕೆಳಗಿಟ್ಟು, “ಇಬ್ಬರಿಗೂ ಅದ ಬಸವಣ್ಣನೇನ್ರಿ?” ಎಂದರು. ಓಣಿ ಬಹಳ ದಿನ ನಕ್ಕಿತು. ನಾವೂ ನಕ್ಕೆವು. ಆಗ ನಗುವುದಕ್ಕೇನು, ಇಬ್ಬರೂ ಬಸಪ್ಪರು ಮನೆಯಲ್ಲೇ ಇದ್ದರು.

ಆಮೇಲೊಂದು ಬೇಸಿಗೆಯಲ್ಲಿ ಹುಕ್ಕೇರಿಯ ಹತ್ತಿರದ ಒಬ್ಬ ಗೌಡರು ಹೊಸ ಗರಡಿಮನೆ ಕಟ್ಟಿಸಿದರು. ಅದರ ಪ್ರವೇಶಕ್ಕೆ ಸಂಜೆ ಕುಸ್ತಿ, ರಾತ್ರಿ ಭಜನೆ. ಪೈಲ್ವಾನರಿಗೂ ನಮ್ಮವರಿಗೂ ಕರೆ ಬಂತು; ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಗಂಗವ್ವ ಗಂಡನಿಗೆ ಬದಾಮಿನ ಗಂಟು ಕಟ್ಟಿಕೊಟ್ಟಳು. ನಾನು ನಮ್ಮವರಿಗೆ ಕಷಾಯದ ಸೀಸೆ ಕೊಟ್ಟೆ. ಅವರು ಅದನ್ನು ಬಸ್ಸಿನ ಕಿಟಕಿಯಿಂದ ಸುರಿದಿರಬೇಕು.

ಮರುದಿನ ಬೆಳಿಗ್ಗೆ, ನಾವಿಬ್ಬರೂ ಹೊರಗೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಗ, ಬಸ್ಸಿನ ಕಂಡಕ್ಟರು ಓಣಿಯೊಳಗೆ ನಡೆದು ಬಂದ. ಆ ಕಾಲದಲ್ಲಿ ನಮ್ಮ ಕಡೆ ಸುದ್ದಿ ಮುಟ್ಟಿಸುತ್ತಿದ್ದವರು ಕಂಡಕ್ಟರುಗಳೇ. ಹುಕ್ಕೇರಿಯವನು ಘಟಪ್ರಭಾದವನಿಗೆ ಹೇಳಬೇಕು, ಅವನು ಗೋಕಾಕದವನಿಗೆ, ಅವನು ನಮ್ಮವನಿಗೆ. ಬಾಯಿಂದ ಬಾಯಿಗೆ ಬರುವಾಗ ಸುದ್ದಿ ಸಣ್ಣದಾಗುತ್ತ ಬಂದು, ನಮ್ಮ ಓಣಿಗೆ ಮುಟ್ಟುವಾಗ ಹೆಸರು ಮತ್ತು ಸಾವು ಎರಡೇ ಉಳಿದಿದ್ದವು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬಸಪ್ಪನವರ ಮನೆ ಯಾವುದು ಎಂದು ಕೇಳಿದ. ನಾವಿಬ್ಬರೂ ತಲೆ ಆಡಿಸಿದೆವು. “ಅವರ ಮನಿಯವರು ಯಾರ್ರಿ?” ಎಂದ. ಗಂಗವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಟೋಪಿ ತೆಗೆದಿದ್ದನ್ನು ಕಂಡಾಗಲೇ ನನ್ನ ಕೈಯ ಮೆಣಸಿನಕಾಯಿ ಕೆಳಗೆ ಬಿದ್ದಿತ್ತು.

“ಮೂಡಲಗಿ ಬಸಪ್ಪ ನಿನ್ನಿ ಸಂಜಿಕ ತೀರಿಕೊಂಡ್ರಂತ್ರೀ ಯವ್ವಾ. ಧುಪದಾಳದ ತನಕ ಬೆಲ್ಲದ ಲಾರ್‍ಯಾಗ ತರ್ತಾರ, ಅಲ್ಲಿಂದ ಗಾಡಿ. ಹೊತ್ತು ಮುಳಗೂದ್ರಾಗ ಬರ್ತಾರಂತ. ಇಷ್ಟ ನನಗ ಹೇಳಿದ್ದು.” ಇಷ್ಟು ಹೇಳಿ ಅವನು ಬಸ್ಸಿಗೆ ಹೊತ್ತಾಯಿತೆಂದು ಹೋದ. ಯಾವ ಬಸಪ್ಪ ಎಂದು ಕೇಳಲು ಬಾಯಿ ಬರುವುದರೊಳಗೆ ಬಸ್ಸು ಹಾರ್ನು ಹೊಡೆದಾಗಿತ್ತು. ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ.

ಓಣಿಗೆ ಮಾತ್ರ ಗೊತ್ತಿತ್ತು. ಒಬ್ಬರು ಬೆಳಿಗ್ಗೆ ಎತ್ತಿನ ಗಾಡಿಯ ಗಾಲಿ ಎತ್ತಿ ಒಗೆಯುವವರು, ಇನ್ನೊಬ್ಬರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು. ಸತ್ತವರು ಯಾರೆಂದು ಕೇಳುವ ಅವಶ್ಯಕತೆ ಯಾರಿಗೂ ಕಾಣಲಿಲ್ಲ. ಅಳಲು ಬಂದ ಹೆಂಗಸರು ಎರಡು ಬಾಗಿಲುಗಳ ನಡುವೆ ಸ್ವಲ್ಪ ಹೊತ್ತು ನಿಂತು, ಗಂಗವ್ವನಿಗೆ ಒಂದು ಮಾತು ಹೇಳಿ, ಬಂದು ನನ್ನ ಹತ್ತಿರ ಕುಳಿತರು. ಒಬ್ಬಳು ನನ್ನ ಕೈಬಳೆಗಳನ್ನು ನೋಡಿ, ನಾನು ನೋಡಿದ್ದನ್ನು ಕಂಡು, ಕಣ್ಣು ಬೇರೆ ಕಡೆ ಮಾಡಿದಳು. ಹಸಿರು ಬಳೆ, ಹೋದ ಸಂತೆಯಲ್ಲಿ ಇಡಿಸಿಕೊಂಡದ್ದು. ಇನ್ನೂ ಕೈಗೆ ಬಿಗಿಯಾಗಿದ್ದವು.

ಗಂಗವ್ವ ನನ್ನ ಮೊಣಕೈ ಹಿಡಿದು, “ನಿಮ್ಮವರಿಗೆ ಏನೂ ಆಗಿರೂದಿಲ್ಲ ಬಿಡ್ರಿ ಅಕ್ಕಾ,” ಎಂದಳು. ನಾನೂ ಅಭ್ಯಾಸಬಲದಿಂದ, “ನಿಮ್ಮವರಿಗೂ ಏನೂ ಆಗಿರೂದಿಲ್ಲವ್ವಾ,” ಎಂದೆ. ಆಮೇಲೆ ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವಳು ನನಗೆ ಹೇಳಿದ ಸಮಾಧಾನ ಖರೆ ಆಗಬೇಕಾದರೆ ಅವಳ ಕುಂಕುಮ ಅಳಿಯಬೇಕು. ನಾನು ಹೇಳಿದ್ದು ಖರೆ ಆಗಬೇಕಾದರೆ ನನ್ನದು. ಅವಳು ಮೊಣಕೈ ಬಿಟ್ಟಳು. ಅಂದು ಮತ್ತೆ ನಾವು ಒಬ್ಬರಿಗೊಬ್ಬರು ಸಮಾಧಾನ ಹೇಳಲಿಲ್ಲ.

ಮಧ್ಯಾಹ್ನ ಶಿವಪ್ಪಕಾಕಾ ಬಂದರು. ಓಣಿಯಲ್ಲಿ ಯಾರು ಸತ್ತರೂ ಕುಣಿ ತೆಗೆಸುವವರು ಅವರೇ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಕುಣಿಯನ್ನು ಸತ್ತವರ ಪಾದದಿಂದಲೇ ಅಳೆದು ತೆಗೆಯುತ್ತಾರೆ. ಪಾದ ಇನ್ನೂ ದಾರಿಯಲ್ಲಿದ್ದರೆ ಅವರ ಚಪ್ಪಲಿಯಿಂದ. ದೇಹ ಸಂಜೆಗೆ ಬರುತ್ತದೆ, ಅಷ್ಟರಲ್ಲಿ ಕುಣಿ ಸಿದ್ಧವಿರಬೇಕು. ಆಳುಗಳು ಗುದ್ದಲಿ ಹಿಡಿದು ನಿಂತಿದ್ದಾರೆ. ಕಾಕಾ ಎರಡೂ ಬಾಗಿಲುಗಳ ನಡುವೆ ಕುಳಿತು ಅಡಿಕೆ ಕತ್ತರಿಸಿ, ಬಾಯಿಗೆ ಹಾಕದೆ ಕೈಯಲ್ಲೇ ಇಟ್ಟುಕೊಂಡು, ಎರಡೂ ಮನೆಯಿಂದ ಒಂದೊಂದು ಹಳೆಯ ಚಪ್ಪಲಿ ಕೊಡಿ ಎಂದು ಕೇಳಿದರು. ಗಂಗವ್ವ ಎದ್ದು ಒಳಗೆ ಹೋಗಿ ಬಾಗಿಲ ಅಗಳಿ ಹಾಕಿಕೊಂಡಳು. ನಾನು ನಮ್ಮವರ ಹಳೆಯ ಜೋಡನ್ನು ಆಗಲೇ ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದ್ದೆ. ಮಡಿಮೈಲಿಗೆ ಎಂದು ಮನೆಮಂದಿಗೆಲ್ಲ ಪಾಠ ಹೇಳುವವಳು ನಾನು.

ಕಾಕಾ ಕೈಯಲ್ಲಿದ್ದ ಅಡಿಕೆಯನ್ನು ಚೀಲಕ್ಕೆ ತಿರುಗಿ ಹಾಕಿದರು. ಆಮೇಲೆ ನನ್ನ ಕಡೆ ನೋಡದೆ ನೆಲಕ್ಕೆ ಹೇಳಿದರು:

“ಸಣ್ಣ ಕುಣಿ ತಗದ್ರ ಆಮ್ಯಾಲ ದೊಡ್ಡದು ಮಾಡಬಹುದು ತಂಗೀ. ದೊಡ್ಡದು ತಗದ್ರ ಸಣ್ಣದು ಮಾಡಾಕ ಬರೂದಿಲ್ಲ. ನಿಮ್ಮವರದ ಕೊಡು. ಅಳತಿಗಷ್ಟ.”

ಮಾತು ಲೆಕ್ಕಕ್ಕೆ ಸರಿಯಾಗಿತ್ತು. ಅದು ನನ್ನ ಮೇಲಿನ ಕರುಣೆ ಎಂಬುದೂ ತಿಳಿಯಿತು. ಸತ್ತವರು ನಿಮ್ಮವರೇ ಎಂದು ಹೇಳುವುದನ್ನು ಅವರು ಹೀಗೆ ಗುದ್ದಲಿಯ ಲೆಕ್ಕಕ್ಕೆ ಹಾಕಿದ್ದರು. ನಾನು ಒಳಗೆ ಹೋಗಿ ಚಪ್ಪಲಿ ತಂದೆ. ಅಂಟಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ ಕೊಟ್ಟೆ. ಇಪ್ಪತ್ತು ಕಡೆ ಹೊಲಿಗೆ ಬಿದ್ದ ಚಪ್ಪಲಿ. ಹೊಸದು ಕೊಂಡುಕೊಳ್ಳಿ ಎಂದು ವರ್ಷಗಟ್ಟಲೆ ಜಗಳ ಮಾಡಿದ್ದೆ. ಕಾಕಾ ಅದನ್ನು ಎರಡೂ ಕೈಯಿಂದ ತೆಗೆದುಕೊಂಡರು. ಆ ಚಪ್ಪಲಿಗೆ ಅಷ್ಟು ಮರ್ಯಾದೆ ಅದರ ಆಯುಷ್ಯದಲ್ಲಿ ಸಿಕ್ಕಿರಲಿಲ್ಲ.

ಮಧ್ಯಾಹ್ನವೆಲ್ಲ ಗಂಗವ್ವನ ಬಾಗಿಲು ತೆರೆಯಲಿಲ್ಲ. ಗೋಡೆಯ ಆಚೆಯಿಂದ ಹಾಲು ಕಾಯಿಸುವ ವಾಸನೆ ಬಂತು. ಪೈಲ್ವಾನರು ಊರಿಂದ ಬಂದ ತಕ್ಷಣ ಕುಡಿಯುವ ಹಾಲು. ನನ್ನ ಸುತ್ತ ಕುಳಿತವರಲ್ಲಿ ಒಬ್ಬಳು, ಸಾವಿನ ಮನೆಯ ಗೋಡೆಗೆ ಹತ್ತಿ ಒಲೆ ಹಚ್ಚಿದ್ದಾಳಲ್ಲ ಎಂದು ಗೊಣಗಿದಳು. ನಾನು ಆ ವಾಸನೆ ಕುಡಿಯುತ್ತ ಕುಳಿತಿದ್ದೆ. ನನ್ನ ಗಂಡ ಬದುಕಿರಬೇಕಾದರೆ ಆ ಹಾಲು ಒಡೆಯಬೇಕು ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಹೊತ್ತು ಇಳಿದಾಗ ಊರ ಹೊರಗೆ ತುಕ್ಕಾನಟ್ಟಿಯ ಕಡೆಯ ದಾರಿಯಲ್ಲಿ ಧೂಳು ಎದ್ದಿತು. ಎಲ್ಲರೂ ಓಣಿಯ ಬಾಯಿಗೆ ಹೋಗಿ ನಿಂತರು. ಗಂಗವ್ವ ಬಾಗಿಲು ತೆಗೆದು ಬಂದು ನನ್ನ ಬಾಜೂ ನಿಂತಳು. ಗಾಡಿ ಮೆಲ್ಲಗೆ ಬಂತು. ಮೇಲೆ ಕಂಬಳಿ ಹೊದಿಸಿದ್ದರು, ಕಂಬಳಿಯ ಕೆಳಗೆ ಜೋಳದ ಸೊಪ್ಪೆ ಹಾಸಿದ್ದರು. ಎಷ್ಟು ಸೊಪ್ಪೆ, ಎಷ್ಟು ಮನುಷ್ಯ ಎಂದು ತಿಳಿಯುವಂತಿರಲಿಲ್ಲ. ಗಾಡಿಯ ಹಿಂದೆ ಯಾರೋ ನಾಲ್ಕು ಜನ ನಡೆಯುತ್ತಿದ್ದರು. ಧೂಳಿನಲ್ಲಿ ಮುಖ ಕಾಣದು, ನನ್ನ ಕಣ್ಣಿನ ನೀರಿನಲ್ಲಿ ಧೂಳೂ ಕಾಣದು. ಇನ್ನಷ್ಟು ಹತ್ತಿರ ಬರಲಿ ಎಂದು ಉಳಿದವರೆಲ್ಲ ಕಾದರು. ನನಗೆ ಕಾಯಲಾಗಲಿಲ್ಲ. ಅತ್ತೆ ಹೇಳಿದ್ದು, ಓಣಿಯವರು ನಿಂತದ್ದು, ಒಡಪು, ಸೆರಗು ಎಲ್ಲ ಮರೆತು, ಅತ್ತೆ ಕರೆಯುತ್ತಿದ್ದ ಹಾಗೆಯೇ ಏಕವಚನದಲ್ಲಿ ಕೂಗಿದೆ: “ಬಸಪ್ಪಾ.”

ಗಾಡಿಯ ಹಿಂದಿನಿಂದ ಕೆಮ್ಮು ಕೇಳಿಸಿತು. ಆಮೇಲೆ, “ಓ.”

ನಾನು ಅತ್ತ ಓಡಹೋಗಿ ಸೆರಗು ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಗಂಗವ್ವ ಹಿಡಿದುಕೊಂಡಳು. ಹೌದು, ನನ್ನನ್ನು ಹಿಡಿದವಳು ಅವಳೇ. ಆ ಒಂದು ಓ ನನಗೆ ಏನು ಹೇಳಿತೋ ಅವಳಿಗೂ ಅದನ್ನೇ ಹೇಳಿತ್ತು, ಆದರೂ ಅವಳು ಮೊದಲು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದಳು. ಆಮೇಲೆ ಗಾಡಿಯ ಕಡೆಗೆ ನಡೆದಳು.

ಪೈಲ್ವಾನರು ಕುಸ್ತಿ ಗೆದ್ದಿದ್ದರಂತೆ. ಎದುರಾಳಿಯನ್ನು ಚಿತ್ ಮಾಡಿ, ಎದ್ದು ನಿಂತು, ಗೆದ್ದವರ ಪಟಕ ತಲೆಗೆ ಸುತ್ತಿಸಿಕೊಂಡು, ನೀರು ಕೇಳಿ ಕುಳಿತವರು ಕುಳಿತಲ್ಲೇ ವಾಲಿದರಂತೆ. ನೀರಿನ ತಂಬಿಗೆ ಹಿಡಿದು ನಿಂತಿದ್ದವರು ನಮ್ಮವರು. ಆ ರಾತ್ರಿ ಭಜನೆ ಪೈಲ್ವಾನರ ದೇಹದ ಮುಂದೆಯೇ ಆಯಿತಂತೆ. ಕುಣಿಯನ್ನು ಅಗಲ ಮಾಡಬೇಕಾಯಿತು. ಕತ್ತಲಾಗುವ ತನಕ ಆಳುಗಳು ಗುದ್ದಲಿ ಹಾಕಿದರು. ಶಿವಪ್ಪಕಾಕಾ ಹೇಳಿದ್ದು ಸರಿಯೇ ಇತ್ತು, ಸಣ್ಣದನ್ನು ದೊಡ್ಡದು ಮಾಡಲು ಬರುತ್ತದೆ. ಮರುದಿನ ಚಪ್ಪಲಿ ತಂದುಕೊಟ್ಟರು. ಅಟ್ಟೆಗೆ ಹಸಿಮಣ್ಣು ಅಂಟಿತ್ತು. ನಮ್ಮವರು ಅದನ್ನು ನೋಡಿ, “ನನ್ನ ಚಪ್ಪಲಿ ಹಾಕ್ಕೊಂಡು ಯಾರು ಎಲ್ಲಿ ಹೋಗಿದ್ರು?” ಎಂದು ಕೇಳಿದರು. ಮಳೆಗೆ ನೆನೆದಿತ್ತು ಎಂದೆ. ಅದು ಬಿರುಬೇಸಿಗೆ. ಅವರು ನನ್ನ ಮುಖ ನೋಡಿ, ಚಪ್ಪಲಿ ತೊಳೆದು ಹಾಕಿಕೊಂಡರು. ನಾನು ಏಕವಚನದಲ್ಲಿ ಕೂಗಿದ್ದನ್ನು ಮಾತ್ರ ವರ್ಷಪೂರ್ತಿ ಹಂಗಿಸಿದರು.

ಗಂಗವ್ವ ಹಂಗಿಸಲಿಲ್ಲ. ಬಳೆಯಿಲ್ಲದ ಕೈಯಲ್ಲಿ ಹಿಟ್ಟು ಕೇಳಲು ಬಂದಾಗ ಒಂದು ಸಲ, ಡಬ್ಬಿಯೊಳಗೆ ನೋಡುತ್ತ, “ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತಿದ್ರು. ನಾ ಒಂದ ಸಲನೂ ಹೇಳಲಿಲ್ಲಕ್ಕಾ,” ಎಂದಳು. ನಾನು ಸೇರು ತುಂಬಿ, ಮೇಲೆ ಇನ್ನೊಂದು ಹಿಡಿ ಹಾಕಿದೆ. ಬೇರೆ ಏನು ಹಾಕುವುದಿತ್ತು?

ಇವತ್ತು ಅವಳ ಮಗನ ಮಗನಿಗೆ ಅಜ್ಜನ ಹೆಸರು. ತೊಟ್ಟಿಲ ಹತ್ತಿರ ಮುತ್ತೈದೆಯರು, ಗಂಗವ್ವ ದೂರ ಹೊಸ್ತಿಲ ಹತ್ತಿರ. ನಮ್ಮವರು ಮೂಲೆಯಲ್ಲಿ ಪೇಟಿ ಬಿಚ್ಚಿ ಜೋಗುಳದ ಸ್ವರ ಹಿಡಿದಿದ್ದರು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿ ಮುಗಿಸಿದ ಮೇಲೆ, ಯಾರೂ ನೆನೆಸದೆ ಇದ್ದಾಗ, ಗಂಗವ್ವ ಎದ್ದು ಬಂದು ತೊಟ್ಟಿಲ ಹಗ್ಗ ಹಿಡಿದಳು. ಅವಳು ಮಗುವಿನ ಮುಖ ನೋಡುತ್ತ, ಬದುಕಿನಲ್ಲಿ ಮೊದಲ ಸಲ ಆ ಹೆಸರು ಕರೆದಳು: “ಬಸಪ್ಪಾ.”

ಮೂಲೆಯಿಂದ ನಮ್ಮವರು, ಸ್ವರದ ಮೇಲಿನ ಬೆರಳು ತೆಗೆಯದೆ, ಅಭ್ಯಾಸದಂತೆ, “ಓ” ಅಂದರು.

ಗಂಗವ್ವ ತಿರುಗಲಿಲ್ಲ. ಹಗ್ಗ ತೂಗುತ್ತಲೇ, “ನೀವು ಸುಮ್ಮನಿರ್ರಿ ಅಣ್ಣಾರ. ನಿಮ್ಮ ಓ ಒಮ್ಮೆ ಕೇಳೇನಿ. ಸಾಕು,” ಎಂದಳು. ಪೇಟಿಯ ಗಾಳಿ ತಾನಾಗಿಯೇ ಹೋಗಿ ಸ್ವರ ಸಣ್ಣದಾಗಿ ನಿಂತಿತು. ಮಗು ಅತ್ತಿತು. ಆಗ ಅವಳು ಅದನ್ನು ಎತ್ತಿಕೊಂಡು, ಇನ್ನೊಮ್ಮೆ ಹೆಸರು ಹಿಡಿದು ಕರೆದಳು. ಮತ್ತೊಮ್ಮೆ. ಇಷ್ಟು ವರ್ಷ ಉಳಿಸಿಕೊಂಡದ್ದನ್ನೆಲ್ಲ ಕರೆಯುವವಳಂತೆ.

ರಾತ್ರಿ ಉಳಿದ ಗುಗ್ಗರಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಂಡೆವು. ನಮ್ಮವರು ಗಂಗವ್ವನ ಮಾತಿಗೆ ಬೇಜಾರಾಗಿ ಒಂದೇ ರೊಟ್ಟಿಗೆ ಎದ್ದರು. ಕಷಾಯವನ್ನು ಮಾತ್ರ ಇವತ್ತು ಸುರಿಯದೆ ಕುಡಿದರು. ಮೊದಲು ಮಲಗಿದವರು ಅವರೇ. ಅವರು ಮಲಗಿದ ಮೇಲೆ ಮೆಲ್ಲಗೆ ಹೆಸರು ಹಿಡಿದು ಕರೆದು, ನಿದ್ದೆಯಲ್ಲೇ ಅವರು ಓ ಅನ್ನುವುದನ್ನು ಕೇಳಿ ಮಲಗುವ ರೂಢಿ ನನಗೆ ಗಾಡಿ ಬಂದ ಆ ದಿನದಿಂದ ಬಿದ್ದಿದೆ. ಇವತ್ತು ಕರೆಯಲಿಲ್ಲ, ಗೋಡೆ ಒಂದೇ, ಗಂಗವ್ವನಿಗೆ ಕೇಳುತ್ತದೆ. ಅವರ ಕೆಮ್ಮಿಗಾಗಿ ಕಾದು ಕುಳಿತೆ. ಇಷ್ಟು ವರ್ಷ ಕಷಾಯ ಕುದಿಸಿದ್ದು ಅದು ನಿಲ್ಲಲಿ ಎಂದೇ, ಇವತ್ತು ಕುಡಿದದ್ದು ಕೆಲಸ ಮಾಡಿತ್ತೋ ಏನೋ, ಬಹಳ ಹೊತ್ತು ಕೆಮ್ಮು ಬರಲೇ ಇಲ್ಲ. ಬಂದ ಮೇಲೆ ನಾನೂ ಮಲಗಿದೆ.