ಅನುಕೂಲವಾದರೆ ಸೇತುವೆ ದಾಟಿ ಎಂದ ಮಹಾಸೇನಾಪತಿಗಳಿಗೆ

ಸಿರ್ಸಿ-ಸಿದ್ದಾಪುರ ಜಂಟಿ ಸೇನೆಯ ಮಹಾಸೇನಾಪತಿಗಳೂ, ಕುರ್ಚಿಯಿಂದ ಏಳದೆಯೇ ಯುದ್ಧ ಸೋಲಬಲ್ಲ ಅಪರೂಪದ ಧೀರರೂ ಆದ ಮಾನ್ಯ ಚಿರಂತನ ಹೆಗಡೆಯವರಿಗೆ, ತಮ್ಮ ಮುಂಚೂಣಿ ಪಡೆಯ ನಾಯಕಿಯಾಗಿದ್ದ, ಹೊಟ್ಟೆಪಾಡಿಗೆ ಬಸ್ಸಿನ ಕಂಡಕ್ಟರಾಗಿರುವ ರೋಹಿಣಿಯ ತಲೆಬಾಗಿದ ವಂದನೆಗಳು.

ಕಳೆದ ಭಾನುವಾರ ಹುಲೇಕಲ್ಲಿನ ಸಭಾಭವನದಲ್ಲಿ ಯಲ್ಲಾಪುರದವರೊಂದಿಗೆ ನಾವಾಡಿದ ಯುದ್ಧದಾಟವನ್ನು ನೋಡದೆ ಈ ಬಹಿರಂಗ ಪತ್ರ ಓದುವ ಪುಣ್ಯವಂತರಿಗಾಗಿ ಎರಡು ಮಾತು. ಆಟದ ಸಂಘಟಕರೂ ತೀರ್ಪುಗಾರರೂ ಆದ ಉಲ್ಲಾಸ ಅವರು ಮೇಜಿನ ಮೇಲೆ ನಕಾಶೆ ಹಾಸಿ, ಮರದ ತುಂಡುಗಳ ಸೈನ್ಯ ನಿಲ್ಲಿಸಿ, ಒಂದೊಂದು ಪಡೆಯ ನಾಯಕರನ್ನು ಒಂದೊಂದು ಕೋಣೆಯಲ್ಲಿ ಕೂರಿಸಿದ್ದರು. ಫೋನ್ ಮುಟ್ಟುವಂತಿಲ್ಲ, ಮಹಾಸೇನಾಪತಿಗಳು ಬರೆದ ಚೀಟಿಯನ್ನು ತೀರ್ಪುಗಾರರು ತಂದುಕೊಟ್ಟಾಗ ಅದರಂತೆ ನಡೆಯಬೇಕು. ಮೊದಲು ನನ್ನ ಸಣ್ಣ ಪಡೆ ಸೇತುವೆ ದಾಟಬೇಕು, ಬೆನ್ನಿಗೇ ತಮ್ಮ ಸೋದರಮಾವ ಗಣಪ ಭಟ್ಟರ ದೊಡ್ಡ ಪಡೆ ದಾಟಬೇಕು ಎಂಬುದು ತಾವೇ ಹಾಕಿದ ಯೋಜನೆ. ಯೋಜನೆಯಲ್ಲಿ ಏನೂ ಕೊರತೆ ಇರಲಿಲ್ಲ.

ನನಗೆ ಬಂದ ಚೀಟಿಯಲ್ಲಿ ಒಂದೇ ಪದವಿತ್ತು: 'ದಾಟು.' ದಾಟಿದೆ. ಮಾವನವರಿಗೆ ಹೋದ ಚೀಟಿಯನ್ನು ಉಲ್ಲಾಸ ಅವರು ಆಟ ಮುಗಿದ ಮೇಲೆ ಎಲ್ಲರೆದುರು ಓದಿದರು: 'ಪೂಜ್ಯ ಗಣಪ ಮಾವನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮಗೆ ಅನುಕೂಲವಾದರೆ, ಎಲೆಯಡಿಕೆ ಕವಳ ಹಾಕಿ ಆದ ಮೇಲೆ, ಸೇತುವೆಯ ಕಡೆ ಒಮ್ಮೆ ಬಂದು ಹೋಗಬಹುದು. ಅತ್ತೆಯನ್ನು ಕೇಳಿದ್ದೇನೆಂದು ತಿಳಿಸಿ.' ಯಲ್ಲಾಪುರದ ಸೇನಾಪತಿ ಸಮೃದ್ಧಿಯವರ ಫಿರಂಗಿಗಳು ನನ್ನನ್ನು ಮೂರು ಕಡೆಯಿಂದ ಮುತ್ತಿದ ಹೊತ್ತಿನಲ್ಲಿ ತಾವು ಅತ್ತೆಯ ಯೋಗಕ್ಷೇಮ ವಿಚಾರಿಸುತ್ತಿದ್ದಿರಿ! ಮಾವನವರು 'ನೋಡನ', ಅಂದರೆ ನೋಡೋಣ, ಎಂದು ಉತ್ತರ ಬರೆದು ಕಳಿಸಿದರು. ತಾವು ಅದನ್ನೇ ಒಪ್ಪಿಗೆಯೆಂದುಕೊಂಡು ನಕಾಶೆಯ ಮೇಲೆ ಬಾಣ ಎಳೆದು ಚಹಾ ಕುಡಿದಿರಿ. ಈ ಮೂರು ತಾಲೂಕಿನಲ್ಲಿ ಹುಟ್ಟಿ ಬೆಳೆದೂ 'ನೋಡನ' ಎಂಬ ಮಾತನ್ನು ನಂಬಿದ ಮೊದಲಿಗರು ತಾವೇ ಇರಬೇಕು. ನನ್ನ ಪಡೆ ಒಂದು ತುಂಡೂ ಉಳಿಯದಂತೆ ಹೋಯಿತು.

ಅದು ಆಟ, ಹೋಗಲಿ. ಆದರೆ ಕೊನೆಯ ಸಭೆಯಲ್ಲಿ ತಾವು ಎದ್ದು ನಿಂತು, 'ಮುಂಚೂಣಿ ಪಡೆಯವರು ಸ್ವಲ್ಪ ಅವಸರ ಮಾಡಿದರು' ಎಂದಿರಲ್ಲ, ಅದು ನನಗೆ ಚುಚ್ಚಿದೆ. ಮುಂದಿನ ಆಟಕ್ಕೆ ಮಹಾಸೇನಾಪತಿ ಯಾರಾಗಬೇಕೆಂದು ಮಾತು ನಡೆದಿರುವಾಗ, ಆ ಸ್ಥಾನ ನನಗೆ ಬೇಕೆಂದು ನಾನು ಬಾಯಿಬಿಟ್ಟು ಕೇಳಿರುವಾಗ, ತಮ್ಮ ತಪ್ಪನ್ನು ನನ್ನ ತಲೆಗೆ ಕಟ್ಟಿ ತಾವು ಕೈ ತೊಳೆದುಕೊಂಡಿರಿ. ಈಗ ಸಿರ್ಸಿಯ ಬಸ್ ನಿಲ್ದಾಣದಲ್ಲಿ ಡ್ರೈವರುಗಳೂ ನನ್ನನ್ನು 'ಅವಸರದ ಅಕ್ಕ' ಎಂದು ಕರೆಯುತ್ತಿದ್ದಾರೆ.

ಆದರೂ ತಮ್ಮ ವಿನಯವನ್ನು ಹೊಗಳದಿದ್ದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಮುಂದಿನ ಸಲ ದಯಮಾಡಿ ಶತ್ರುಗಳಿಗೂ ಒಂದು ಚೀಟಿ ಕಳಿಸಿ, ನಮ್ಮ ಮಾವನವರ ಕವಳ ಮುಗಿಯುವ ತನಕ ಗುಂಡು ಹಾರಿಸದಿರುವಂತೆ ಕೋರಬೇಕು; ಮಾವನವರಿಗೆ ಮಂಡಿನೋವಿರುವುದರಿಂದ ಸೇತುವೆಯನ್ನೇ ಎತ್ತಿ ಅವರ ಜಗುಲಿಗೆ ಒರಗಿಸಿಡಬೇಕು; ಸಾಧ್ಯವಾದರೆ ಯುದ್ಧದ ಆದೇಶದ ಜೊತೆ ಅಕ್ಷತೆಯನ್ನೂ ಕಳಿಸಬೇಕು. ನನ್ನ ಕೆಲಸದಲ್ಲಿ ಇಷ್ಟೊಂದು ನಾಜೂಕು ನನಗೆ ಕೂಡಿಬಂದಿಲ್ಲ. 'ರೈಟ್' ಎಂದರೆ ಬಸ್ಸು ಹೊರಡುತ್ತದೆ. 'ಅನುಕೂಲವಾದರೆ ರೈಟ್' ಎಂದು ನಾನು ಇದುವರೆಗೆ ಕೂಗಿದ್ದಿಲ್ಲ.

ಮೊನ್ನೆ ಗಣಪ ಭಟ್ಟರು ನನ್ನದೇ ಬಸ್ಸು ಹತ್ತಿದರು. ಬಾಗಿಲಲ್ಲೇ ನಿಂತವರಿಗೆ 'ಒಳಗೆ ಹೋಗಿ' ಎಂದೆ, ತಕ್ಷಣ ಹೋದರು. ಟಿಕೆಟ್ ಕೊಡುವಾಗ, ಅಂದು ಯಾಕೆ ಬರಲಿಲ್ಲವೆಂದು ಕೇಳಿಯೇಬಿಟ್ಟೆ. 'ಆನು ಹೊರಟು ಕುಂತಿದ್ದಿ ತಂಗಿ,' ಎಂದರು ಪಾಪ. 'ಒಂದೇ ಸಲ ಕರದ್ದಕ್ಕೆ ಎದ್ದು ಹೋಪಲಾಗ್ತಾ? ಇನ್ನೊಂದ್ಸಲ ಕರೀತ ಹೇಳಿ ಕಾದಿ. ಅಂವ ಕರದ್ನೇ ಇಲ್ಲೆ.' ಎರಡನೇ ಕರೆಗಾಗಿ ಕಾದು ಕುಳಿತಿದ್ದರಂತೆ! ನಮ್ಮ ಕಡೆ ಊಟಕ್ಕೆ ಎಬ್ಬಿಸಿದಾಗಲೂ ಮೊದಲ ಕರೆಗೆ ಯಾರೂ ಏಳುವುದಿಲ್ಲವೆಂಬುದು ತಮಗೆ ಗೊತ್ತಿರಲಿಲ್ಲವೇ? ಆದೇಶವನ್ನು ಕರೆಯೋಲೆ ಮಾಡಿದಿರಿ, ಸರಿ. ಕರೆದ ಮೇಲೆ ಒತ್ತಾಯ ಮಾಡಬೇಕೆಂಬ ಮರ್ಯಾದೆಯನ್ನಾದರೂ ಪಾಲಿಸಬೇಕಿತ್ತು. ತಾವು ಸೇನಾಪತಿಯೂ ಆಗಲಿಲ್ಲ, ನೆಟ್ಟಗೆ ಅಳಿಯನೂ ಆಗಲಿಲ್ಲ.

ಆದ್ದರಿಂದ ತಪ್ಪು ಯಾರದೆಂದು ತಾವು ಅದೇ ಸಭಾಭವನದಲ್ಲಿ, ಅದೇ ಜನರೆದುರು ಎದ್ದು ನಿಂತು ಹೇಳಬೇಕೆಂದು ಕೋರುವ,

ಇನ್ನೂ ಆಚೆ ದಡದಲ್ಲೇ ಕಾಯುತ್ತಿರುವ ತಮ್ಮ ವಿಶ್ವಾಸಿ,
ರೋಹಿಣಿ, ನಿಲ್ಕುಂದ

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಉಲ್ಲಾಸ ಅವರ ಫೋನ್ ಬಂತು. ಮುಂದಿನ ಆಟಕ್ಕೆ ಮಹಾಸೇನಾಪತಿ ನಾನಂತೆ. ಹೆಸರು ಸೂಚಿಸಿದವರು ತಮ್ಮ ಮಾವನವರೇ. ಮುಂಚೂಣಿ ಪಡೆಯನ್ನು ತಮಗೆ ವಹಿಸಿದ್ದೇನೆ. ಅನುಕೂಲವಾದರೆ ಬನ್ನಿ. ಎರಡನೇ ಸಲ ಕರೆಯುವುದಿಲ್ಲ.