ಬೆಂಕಿಯ ಬಾಟಲಿಗೆ ಕುಂಕುಮ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಡೈರಿ ಬರೆಯುವವರಿಗೆ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ನನ್ನ ಅನುಭವ ಬೇರೆ. ಹೇಗೂ ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲಿ ಮರೆತುಬಿಡುತ್ತೇನೆ; ಆಮೇಲೆ ಡೈರಿ ತೆರೆದರೆ ಅಲ್ಲಿ ಬರೆದೇ ಇರುವುದಿಲ್ಲ. ತಪಾಸಣೆಯ ದಿನದ ಪುಟದಲ್ಲಿ ಇರುವುದು ಮೂರೇ ಪದ: 'ಬಾಟಲಿ. ಕುಂಕುಮ. ತಲೆನೋವು.' ಎಂ.ಎ. ಮಾಡಿದ ಹೆಂಗಸು ಒಂದಿಡೀ ದಿನವನ್ನು ದಿನಸಿ ಚೀಟಿಯ ಹಾಗೆ ಬರೆದಿದ್ದಾಳೆ. ಸಾಲದ್ದಕ್ಕೆ ಈ ಡೈರಿ ನಮ್ಮ ಯಜಮಾನರ ಬ್ಯಾಂಕಿನದು, ಯಾವುದೋ ಹಳೇ ವರ್ಷದ್ದು, ಬಿಸಾಡಲು ಮನಸ್ಸಾಗದೆ ಉಳಿಸಿಕೊಂಡದ್ದು. ಅದರಲ್ಲಿ ಅಚ್ಚಾದ ವಾರಕ್ಕೂ ನಾನು ಬದುಕುವ ವಾರಕ್ಕೂ ಸಂಬಂಧವಿಲ್ಲ. ತಪಾಸಣೆ ನಡೆದದ್ದು ಮಂಗಳವಾರ ಎಂದು ನಾನು, ಶುಕ್ರವಾರ ಎಂದು ಅವರು. ಅವರು ಬ್ಯಾಂಕಿನವರಾದ್ದರಿಂದ ಎಲ್ಲರೂ ಅವರನ್ನೇ ನಂಬುತ್ತಾರೆ.

ತಪ್ಪಿಲ್ಲದೆ ಹೇಳಬಹುದಾದದ್ದು ಇಷ್ಟು. ನನ್ನ ತಮ್ಮ ರಘುವಿಗೆ ಮೂವತ್ತೊಂದು ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಅಮ್ಮ ತೀರಿಕೊಂಡ ಮೇಲೆ ವಡೋದರಾಕ್ಕೆ, ನಮ್ಮ ಮನೆಗೆ ಬಂದ. ಇವನಂಥವರಿಗೆ ಹದಿನೆಂಟರವರೆಗೆ ಶಾಲೆ ಇರುತ್ತದೆ. ಹತ್ತೊಂಬತ್ತನೆಯ ವರ್ಷಕ್ಕೆ ಬಾಲ್ಕನಿ. ನಮ್ಮ ಬಾಲ್ಕನಿಯಲ್ಲಿ ಕೂತು ಅವನು ಎರಡು ವರ್ಷ ಸ್ಕೂಟರ್ ಎಣಿಸಿದ. ಪಕ್ಕದ ಬೀದಿಯ ಹಂಸಾಬೇನ್ ಅವರ ಮಗಳು ಪಿನಲ್‌ಳದೂ ಇದೇ ಕಥೆ, ಅವಳದು ಗಾಲಿಕುರ್ಚಿ ಮತ್ತು ಕಿಟಕಿ. ಹಂಸಾಬೇನ್ ಮತ್ತು ನಾನು ಸೇರಿ ಫತೇಗಂಜ್‌ನ ಹಾಸ್ಟೆಲ್‌ಗಳ ಹಿಂದೆ ನೆಲಮಾಳಿಗೆಯಲ್ಲದ, ಮೆಟ್ಟಿಲೂ ಹತ್ತಬೇಕಿಲ್ಲದ ಎರಡು ಕೋಣೆ ಹುಡುಕಿದೆವು. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಅಲ್ಲಿಗೆ ಏಳು ಜನ ಬರುತ್ತಾರೆ. ಹೂಬತ್ತಿ ಹೊಸೆಯುತ್ತಾರೆ, ಅವಲಕ್ಕಿ ಒಗ್ಗರಣೆ ಹಾಕುತ್ತಾರೆ, ಜಗಳವಾಡುತ್ತಾರೆ, ರಾಜಿಯಾಗುತ್ತಾರೆ. ಕಚೇರಿಗಳಲ್ಲಿ ನಡೆಯುವುದಕ್ಕಿಂತ ಹೆಚ್ಚಿನ ಕೆಲಸವೇ ನಡೆಯುತ್ತದೆ.

ಹೀಗಿರುವಾಗ ಸರ್ಕಾರದಿಂದ ಕಾಗದ ಬಂತು: ನೋಂದಣಿ ಇಲ್ಲದೆ ಇಂಥ ಕೇಂದ್ರ ನಡೆಸುವಂತಿಲ್ಲ, ದೀಪಾವಳಿಯೊಳಗೆ ಪರವಾನಗಿ ಪಡೆಯಿರಿ, ಇಲ್ಲವೇ ಮುಚ್ಚಿ. ಮುಚ್ಚುವುದೆಂದರೆ ಏಳು ಜನ ಮತ್ತೆ ಬಾಲ್ಕನಿಗೆ.

ಅಲ್ಲಿಂದ ಮೂರು ತಿಂಗಳು ನನ್ನ ವಿದ್ಯಾಭ್ಯಾಸ ಹೊಸದಾಗಿ ಶುರುವಾಯಿತು. ಬಾಡಿಗೆ ಕರಾರು, ಮನೆಯ ಮಾಲೀಕರ ಒಪ್ಪಿಗೆ, ಕಟ್ಟಡದ ನಕ್ಷೆ, ಗಾಲಿಕುರ್ಚಿಗೆ ಇಳಿಜಾರು ಎಷ್ಟಿದೆ ಎಂಬುದಕ್ಕೆ ಇಂಜಿನಿಯರರ ಸಹಿ. 'ಸಂಸ್ಥೆಯ ಉದ್ದೇಶ' ಎಂಬಲ್ಲಿ ನಾನು ಹಾಳೆ ಅಂಟಿಸಿ ಒಂದೂವರೆ ಪುಟ ಬರೆದಿದ್ದೆ. ಕಚೇರಿಯ ಗುಮಾಸ್ತರು ಅದನ್ನು ಮೃದುವಾಗಿ ಕಿತ್ತು ನನಗೇ ವಾಪಸು ಕೊಟ್ಟು, "ಬೇನ್, ಇದನ್ನು ಎಲ್ಲಾದರೂ ಭಾಷಣಕ್ಕೆ ಇಟ್ಟುಕೊಳ್ಳಿ" ಎಂದರು. ಪ್ರತಿ ಸಲ ಸೋತು ಬಂದಾಗಲೂ ಹಂಸಾಬೇನ್ ಚಹಾ ಕೊಟ್ಟು, "ಬಧು ಥಈ ಜಶೆ" ಅನ್ನುತ್ತಿದ್ದರು. ಎಲ್ಲಾ ಆಗುತ್ತೆ ಎಂದರ್ಥ. ಯಾರು ಮಾಡುತ್ತಾರೆ ಎಂಬುದು ಮಾತ್ರ ಆ ವಾಕ್ಯದಲ್ಲಿಲ್ಲ.

ಕೊನೆಗೆ ಉಳಿದದ್ದು ತಪಾಸಣೆ. ಅಷ್ಟರಲ್ಲಿ ನವರಾತ್ರಿ ಬಂತು. ಒಂಬತ್ತು ರಾತ್ರಿ ಈ ಊರು ಗರ್ಬಾ ಕುಣಿಯುತ್ತದೆ, ಹಗಲು ಕೂತಲ್ಲೇ ತೂಕಡಿಸುತ್ತದೆ. ಈ ದಿನಗಳಲ್ಲಿ ಯಾವ ಅಧಿಕಾರಿ ಬಂದಾರು ಎಂದು ನಾನು ನಿರಾಳವಾದೆ. ನವಮಿಯ ದಿನ ನಮ್ಮ ಕಡೆಯ ಪದ್ಧತಿಯಂತೆ ಕೇಂದ್ರದಲ್ಲಿ ಆಯುಧಪೂಜೆ ಮಾಡೋಣ ಎಂದೆ. ಇಲ್ಲಿಯವರು ಗಾಡಿಗೆ ಹಾರ ಹಾಕುತ್ತಾರೆ ನಿಜ, ಆದರೆ ನಮ್ಮಂತೆ ಈಳಿಗೆಮಣೆಯಿಂದ ಮಿಕ್ಸಿಯವರೆಗೆ ಯಾರನ್ನೂ ಬಿಡದೆ ಕೂರಿಸುವುದಿಲ್ಲ. ಅಮ್ಮನ ಜೊತೆ ಈ ಕೆಲಸ ಮಾಡಿ ಪಳಗಿದ ರಘು ಅರಿಶಿನ ಕುಂಕುಮ ಕಲಸಿದ ಬಟ್ಟಲು ಹಿಡಿದು ಹೊರಟ. ಕತ್ತರಿ, ಕುಕ್ಕರ್, ಇಳಿಜಾರಿನ ಕಂಬಿ, ಪ್ರಥಮ ಚಿಕಿತ್ಸೆಯ ಡಬ್ಬಿ, ಎಲ್ಲರಿಗೂ ಆಯಿತು. ಗೋಡೆಯಲ್ಲಿ ನೇತಾಡುತ್ತಿದ್ದ, ಇಲ್ಲಿಯವರು 'ಬೆಂಕಿಯ ಬಾಟಲಿ' ಅನ್ನುವ ಅಗ್ನಿಶಾಮಕಕ್ಕೆ ವಿಶೇಷ ಭಕ್ತಿಯಿಂದ ಅಂಗೈಯಗಲ ಬಳಿದ. "ಅಕ್ಕ, ಇದು ಪೊಲೀಸ್ ದೇವ್ರು" ಎಂದ. ನಾನು ಫೋಟೋ ತೆಗೆದು ತವರಿನ ಬಂಧುಗಳ ಗುಂಪಿಗೆಲ್ಲ ಕಳಿಸಿದೆ.

ದಸರೆಯ ರಜೆ ಮುಗಿದ ಮರುದಿನ ಅಧಿಕಾರಿ ಬಂದರು. ಜಾಗೃತಿಬೇನ್ ಎಂದು ಹೆಸರು. ಮಂಡಿನೋವಿನಿಂದ ಈ ವರ್ಷ ಗರ್ಬಾಕ್ಕೆ ಹೋಗಿರಲಿಲ್ಲವಂತೆ. ಹಾಗಾಗಿ ಇಡೀ ವಡೋದರಾದಲ್ಲಿ ಪೂರ್ತಿ ಎಚ್ಚರವಿದ್ದ ಒಬ್ಬರೇ ಅವರು. ಹೊಸಿಲಲ್ಲಿ ಒಡೆದ ಬೂದುಗುಂಬಳದ ಕೆಂಪು ಕಲೆ ನೋಡಿ, "ಯಾರಿಗೆ ಪೆಟ್ಟಾಯಿತು?" ಎಂದರು. ವಿವರಿಸಿದೆ. ಬಾಟಲಿಯ ಮುಂದೆ ನಿಂತು ಕನ್ನಡಕ ಏರಿಸಿದರು. "ಬೇನ್, ಆ ಶುಂ ಛೆ? ಏನಿದು? ಇದರ ಅವಧಿ ಮುಗಿಯುವ ತಾರೀಖು ಎಲ್ಲಿ?"

ತಾರೀಖು ದೇವರ ಹಣೆಯಲ್ಲಿತ್ತು. "ಒಂದೇ ನಿಮಿಷ ಮೇಡಂ" ಎಂದು ಒದ್ದೆ ಬಟ್ಟೆ ತಂದು ಉಜ್ಜಿದೆ. ಒಣಗಿದ ಕುಂಕುಮ ಹೋಗಲಿಲ್ಲ. ಇನ್ನೂ ಉಜ್ಜಿದೆ. ಕುಂಕುಮದ ಜೊತೆ ಚೀಟಿಯೂ ಎದ್ದು ಬಂದು ನನ್ನ ಬಟ್ಟೆಗೆ ಅಂಟಿಕೊಂಡಿತು, ತಾರೀಖಿನ ಸಮೇತ.

ನಾನು ಆ ಚೀಟಿಯನ್ನು ಮತ್ತೆ ಬಾಟಲಿಗೆ ಮೆತ್ತಲು ಹೆಣಗುತ್ತಿದ್ದಾಗ ಜಾಗೃತಿಬೇನ್ ನಿಟ್ಟುಸಿರಿಟ್ಟು ರಘುವಿನತ್ತ ತಿರುಗಿ ಹಿಂದಿಯಲ್ಲಿ ಕೇಳಿದರು: "ಇಲ್ಲಿ ಬೆಂಕಿ ಬಿದ್ದರೆ ಏನು ಮಾಡ್ತೀಯಪ್ಪ?" ಕೇಳಿದ್ದು ಬರಿಯ ಪ್ರಶ್ನೆ. ರಘು ಪ್ರಶ್ನೆಗಳನ್ನು ಹಾಗೆ ತೆಗೆದುಕೊಳ್ಳುವುದಿಲ್ಲ. "ಆಗ್!" ಎಂದು ಕೂಗಿ ಪಿನಲ್‌ಳ ಗಾಲಿಕುರ್ಚಿ ತಳ್ಳಿದ. "ಚಾಲೋ, ಚಾಲೋ, ಬಹಾರ್!" ಉಳಿದವರು ಬತ್ತಿ ಬಿಟ್ಟು ಎದ್ದರು. ರಘು ತಿರುಗಿ ಬಂದು ಅಧಿಕಾರಿಯ ಕೈ ಹಿಡಿದ. "ಅರೆ, ನನಗೆ ಮಂಡಿನೋವು" ಎಂದರೂ ಬಿಡದೆ, ನಿಧಾನವಾಗಿ ಇಳಿಜಾರಿನ ಮೇಲೆ ನಡೆಸಿಕೊಂಡು ಹೋಗಿ ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿದ. ತಲೆ ಎಣಿಸಿದ. ಒಂದು ಕಡಿಮೆ. ಬಟ್ಟೆ ಹಿಡಿದು ಒಳಗೇ ನಿಂತಿದ್ದ ನನಗೆ ಅವನ ದನಿ ಕೇಳಿಸಿತು, ದುಃಖಕ್ಕಿಂತ ಲೆಕ್ಕ ಸರಿಹೋದ ಸಮಾಧಾನವೇ ಹೆಚ್ಚಿತ್ತು ಅದರಲ್ಲಿ: "ಅಕ್ಕ ಸುಟ್ಟುಹೋದ್ಲು."

ಹಂಸಾಬೇನ್ ಅದನ್ನು ಅನುವಾದಿಸಿ ಹೇಳಿದರು. ಅವರಿಗೆ ಅಷ್ಟು ಕನ್ನಡ ಯಾವಾಗ ಬಂತೋ. ಜಾಗೃತಿಬೇನ್ ಕಟ್ಟೆಯ ಮೇಲೆ ಕೂತೇ ಕಣ್ಣೊರೆಸಿಕೊಂಡು ನಕ್ಕರು. "ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಗೋಡೆಗೆ ಚಾರ್ಟ್ ಇರುತ್ತೆ, ಹೊರಗೆ ಯಾರೂ ಬರಲ್ಲ" ಎಂದು ಅಲ್ಲೇ ಏನೋ ಒಳ್ಳೆಯದನ್ನೇ ಬರೆದುಕೊಂಡರು. ಬಾಟಲಿ ಹೊಸದಾಗಿ ತುಂಬಿಸಿ ಸೋಮವಾರದೊಳಗೆ ಫೋಟೋ ಕಳಿಸಬೇಕು, ಅಷ್ಟೇ.

ಅಷ್ಟೇ ಅನ್ನುವಷ್ಟರಲ್ಲಿ ಫೈಲಿನ ಕೊನೆಯ ಹಾಳೆಗಳನ್ನು ತಿರುವಿದರು. ಬರುವವರ ಒಪ್ಪಿಗೆಪತ್ರಗಳು, ಏಳು. "ಏಳರಲ್ಲೂ 'ಸ್ವಇಚ್ಛೆಯಿಂದ ಬರುತ್ತೇನೆ' ಅಂತ ಒಂದೇ ಕೈಬರಹ ಇದೆಯಲ್ಲ ಬೇನ್. ಇವರನ್ನು ಕೇಳಿದ್ದೀರಿ ತಾನೆ?"

"ಕೇಳಿದ್ದೇನೆ" ಎಂದೆ. ಕೇಳಿದ್ದೆ ಎಂದೇ ನನ್ನ ನೆನಪು. ಮನೆಗೆ ಬಂದು ಡೈರಿಯನ್ನು ಮೊದಲಿನಿಂದ ತಿರುವಿ ಹಾಕಿದೆ. ಮಾಲೀಕರನ್ನು ಕೇಳಿದ್ದೇನೆ, ಇಂಜಿನಿಯರರನ್ನು, ಗುಮಾಸ್ತರನ್ನು, ಬಾಟಲಿಯವನನ್ನು ಕೇಳಿದ್ದೇನೆ. ರಘುವನ್ನು ಕೇಳಿದ ಪುಟ ಸಿಗಲಿಲ್ಲ.

ಖಾಲಿ ಒಪ್ಪಿಗೆಪತ್ರಗಳನ್ನು ಮತ್ತೆ ತಂದಿದ್ದೇವೆ. ಬಾಟಲಿ ತುಂಬಿ ಬಂದಿದೆ. ಆರು ಜನ ಹೆಬ್ಬೆಟ್ಟೊತ್ತಿಯೋ ಹೆಸರು ಗೀಚಿಯೋ ಕೊಟ್ಟಾಯಿತು. ಪಿನಲ್ ಅಂತೂ ಪ್ರಶ್ನೆ ಮುಗಿಯುವ ಮೊದಲೇ ಹೂಂಗುಟ್ಟಿದಳಂತೆ. ನಮ್ಮನೆಯದೊಂದು ಬಾಕಿ. ಕೇಳಿ ಎರಡು ದಿನವಾಯಿತು. ರಘು ಯೋಚಿಸುತ್ತಿದ್ದಾನೆ. ದಿನಾ ನನಗಿಂತ ಮುಂಚೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ನಾನೇ ಬರೆದುಬಿಡಬಹುದು, ಆದರೆ ಅಂದಾಜಿನಲ್ಲಿ ಬರೆದದ್ದು ಸಾಕಾಗಿದೆ. ಇವತ್ತು ಊಟ ಬಡಿಸುತ್ತಾ ಮತ್ತೊಮ್ಮೆ ಕೇಳಿದೆ, ಈ ಸಲ ತಟ್ಟೆ ಬದಿಗಿಟ್ಟು, ಎದುರು ಕೂತು:

"ರಘು, ನಾನು ಕರ್ಕೊಂಡು ಹೋಗ್ತೀನಿ ಅಂತ ಅಲ್ಲ ಕಣೋ, ನಿನಗೇ ಅಲ್ಲಿಗೆ ಹೋಗೋಕೆ ಇಷ್ಟ ಇದ್ಯಾ?"