ಸೀಟಿಲ್ಲದ ಸೈಕಲ್ಲಿನ ಬ್ರೇಕು

‘ವಯಸ್ಸಾಯಿತು’ ಎಂಬ ಮಾತನ್ನು ಬೇರೆಯವರು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಾನೇ ಹೇಳಿಕೊಂಡರೆ, ಎದುರಿಗಿರುವವರು ‘ಛೇ, ನಿಮಗೆಂಥಾ ವಯಸ್ಸು ಬಿಡ್ರೀ’ ಎನ್ನಲಿ ಎಂಬ ಆಸೆ. ಹಾಗೆನ್ನದೆ ಅವರು ಸುಮ್ಮನೆ ತಲೆಯಾಡಿಸಿಬಿಟ್ಟರೆ ಅವತ್ತು ಊಟ ಸೇರುವುದಿಲ್ಲ. ಈ ವಿಷಯದಲ್ಲಿ ಗಾಡಿಗೀಡಿ ಇಟ್ಟುಕೊಂಡವರೇ ಪುಣ್ಯವಂತರು. ಮೈ ಕೈಕೊಟ್ಟಾಗಲೆಲ್ಲ ತಪ್ಪನ್ನು ಗಾಡಿಯ ತಲೆಗೆ ಕಟ್ಟಬಹುದು. ಆ ಸೌಲಭ್ಯವೂ ಕಳೆದ ದಸರಾ ಆದಮೇಲೆ ನನ್ನ ಕೈತಪ್ಪಿಹೋಗುವುದರಲ್ಲಿತ್ತು.

ನನ್ನ ಬಳಿ ಒಂದು ಟ್ರಯಲ್ಸ್ ಬೈಕ್ ಇದೆ. ಹೆಸರು ಬೈಕ್, ಆದರೆ ಇಂಜಿನ್ ಇಲ್ಲದ ಸೈಕಲ್ಲು. ಅದಕ್ಕೆ ಸೀಟೂ ಇಲ್ಲ. ಕುಳಿತು ಎಲ್ಲಿಗೋ ಹೋಗುವುದಕ್ಕಲ್ಲ ಅದು. ನಿಂತುಕೊಂಡೇ ಬಂಡೆಯಿಂದ ಬಂಡೆಗೆ ಕುಪ್ಪಳಿಸುವುದಕ್ಕೆ. ಆರ್.ಟಿ. ನಗರದ ಸೈಕಲ್ ಅಂಗಡಿಗೆ ಯಾವ ಬಿಡಿಭಾಗ ಕೇಳಿಕೊಂಡು ಹೋದರೂ ಆ ಅಂಗಡಿಯವರು ಮೊದಲು ಸೀಟು ತೋರಿಸುತ್ತಾರೆ. “ಜೆಲ್ ಸೀಟು ಸಾರ್, ಸೋಫಾ ಇದ್ದಂಗಿರತ್ತೆ” ಎನ್ನುತ್ತಾರೆ. ಬೇಡವೆಂದರೆ ಮುಖದಲ್ಲಿ ಕರುಣೆ ತುಂಬಿಕೊಳ್ಳುತ್ತಾರೆ. ವಿದ್ಯಾರಣ್ಯಪುರದ ನಮ್ಮ ಬೀದಿಯವರಂತೂ ಸೀಟನ್ನು ಯಾರೋ ಕದ್ದಿದ್ದಾರೆಂದೇ ನಂಬಿದ್ದಾರೆ. ಎದುರುಮನೆಯವರು ಒಮ್ಮೆ ತಮ್ಮ ಸಿಸಿಟಿವಿ ನೋಡಿಕೊಳ್ಳಿ ಎಂದು ಬಹಳ ವಿಶ್ವಾಸದಿಂದ ಕರೆದಿದ್ದರು.

ಸೀಟು ಇಲ್ಲದಿದ್ದರೆ ನಡೆಯುತ್ತದೆ, ಬ್ರೇಕು ಇಲ್ಲದಿದ್ದರೆ ನಡೆಯುವುದಿಲ್ಲ. ಸೈಕಲ್ಲನ್ನು ಬಂಡೆಯ ಮೇಲಕ್ಕೆ ಜಿಗಿಸಿದ ಕ್ಷಣವೇ ಬ್ರೇಕ್ ಒತ್ತಬೇಕು, ಒತ್ತಿದ ಕೂಡಲೇ ಹಿಂದಿನ ಚಕ್ರ ಕಚ್ಚಿ ನಿಲ್ಲಬೇಕು. ಕೂದಲೆಳೆಯಷ್ಟು ಜಾರಿದರೂ ಬಂದ ದಾರಿಯಲ್ಲೇ ವಾಪಸ್, ಅದೂ ಬೆನ್ನ ಮೇಲೆ. ಆದ್ದರಿಂದ ನಾವು ಈ ಸೈಕಲ್ಲಿನವರು ಚಕ್ರದ ರಿಮ್ಮನ್ನು ಹೊಳೆಯಲು ಬಿಡುವುದಿಲ್ಲ. ಗೀರಿ ಗೀರಿ ಒರಟು ಮಾಡಿ, ಬ್ರೇಕಿನ ರಬ್ಬರು ಅಂಟಿ ಹಿಡಿಯಲಿ ಎಂದು ಅದಕ್ಕೆ ತೆಳ್ಳಗೆ ಡಾಂಬರು ಉಜ್ಜುತ್ತೇವೆ. ಡಾಂಬರಿಗೆ ನಾನು ಅಂಗಡಿಗೆ ಹೋಗಬೇಕಾಗಿಲ್ಲ. ಒಂದು ಮಳೆ ಬಿದ್ದರೆ ನಮ್ಮ ರಸ್ತೆಯೇ ಗಡ್ಡೆಗಡ್ಡೆಯಾಗಿ ಎದ್ದು ಗೇಟಿನ ಮುಂದೆ ಬಂದಿರುತ್ತದೆ. ಶನಿವಾರ ಸಂಜೆ ಒಂದು ಗಡ್ಡೆ ಆರಿಸಿ ರಿಮ್ಮಿಗೆ ಉಜ್ಜಿ ಇಡುವುದು, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬಡಾವಣೆಯ ಆಚೆ ಇನ್ನೂ ಯಾರೂ ಸೈಟು ಮಾಡದೆ ಬಿಟ್ಟಿರುವ ಬಂಡೆಗಳ ಹತ್ತಿರ ಹೋಗುವುದು ನನ್ನ ಪದ್ಧತಿ. ಜೊತೆಗೆ ನಮ್ಮ ಆಫೀಸಿನ ಮಂಜು ಬರುತ್ತಾನೆ. ನನಗಿಂತ ಬಹಳ ಚಿಕ್ಕವನು, ಮೇಕೆಮರಿಯ ಹಾಗೆ ಹಾರುತ್ತಾನೆ.

ದಸರಾ ಮುಗಿದ ಮೇಲೆ ನನ್ನ ಬ್ರೇಕು ಹಿಡಿಯುವುದನ್ನು ಬಿಟ್ಟಿತು. ಸೊಂಟದೆತ್ತರದ ಬಂಡೆಗೆ ಜಿಗಿಯುತ್ತೇನೆ, ಬ್ರೇಕ್ ಒತ್ತುತ್ತೇನೆ, ಚಕ್ರ ಬೆಣ್ಣೆಯ ಹಾಗೆ ಜಾರುತ್ತದೆ, ನಾನು ಹುಲ್ಲಿನಲ್ಲಿ ಮಲಗಿರುತ್ತೇನೆ. “ಪ್ಯಾಡ್ ಸವೆದಿರ್ಬೇಕು ಸಾರ್” ಎಂದ ಮಂಜು. ರಬ್ಬರ್ ಪ್ಯಾಡು ಬದಲಿಸಿದೆ. ಜಾರಿತು. ಕೇಬಲ್ ಇರಬೇಕೆಂದ, ಅದನ್ನೂ ಬದಲಿಸಿದೆ. ಮತ್ತೆ ಜಾರಿತು. ಒಂದು ಬೆರಳಿನಲ್ಲಿ ಒತ್ತುವ ಲಿವರ್ ಒಳ್ಳೆಯದೋ ಎರಡು ಬೆರಳಿನದೋ ಎಂದು ನಾವಿಬ್ಬರೂ ಕ್ಯಾಂಟೀನಿನಲ್ಲಿ ಹುಡುಗಿ ನೋಡಲು ಹೊರಟವರ ಹಾಗೆ ಚರ್ಚಿಸಿ, ದೂರದಿಂದ ತರಿಸಿ ಹಾಕಿದೆವು. ಹೊಸ ಲಿವರಿನ ಜೊತೆ ನಾನು ಇನ್ನೂ ಠೀವಿಯಿಂದ ಬಿದ್ದೆ. ಬದಲಿಸಲು ಸೈಕಲ್ಲಿನಲ್ಲಿ ಏನೂ ಉಳಿಯದಿದ್ದಾಗ ಮಂಜು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. “ಒಂದೊಂದ್ ಸಲ ಬೆರಳಲ್ಲಿ ಗ್ರಿಪ್ ಕಮ್ಮಿ ಆಗತ್ತೆ ಸಾರ್. ನಮ್ಮ ದೊಡ್ಡಪ್ಪನಿಗೂ ಇಂಗೇ ಆಗಿತ್ತು” ಎಂದ. ಅವನು ಯಲಹಂಕದ ಹಳೆಯ ಮನೆತನದ ಹುಡುಗ, ಮನಸ್ಸಿನಲ್ಲಿ ಕಪಟವಿಲ್ಲ. ಅವನ ದೊಡ್ಡಪ್ಪ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ.

ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲು ಹೆಂಡತಿ ಶೈಲಾ ಕೇಳಿದಳು. ಆ ಮುಚ್ಚಳ ಬರದಿದ್ದರೆ ಎಲ್ಲವೂ ತೀರ್ಮಾನವಾದಂತೆಯೇ ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೊನೆಗೆ ಅವಳೇ, “ನೋಡ್ರೀ, ಪ್ರತಿ ವಾರ ಮೈಯೆಲ್ಲಾ ತರಚ್ಕೊಂಡ್ ಬರ್ತೀರ. ಮೂಳೆ ಮುರಿಯೋಕ್ ಮುಂಚೆ ಅದನ್ನ ಮಂಜುಗೆ ಕೊಟ್ಬಿಡಿ” ಎಂದಳು. ಜಗಳ ಮಾಡಿದ್ದರೆ ಎದುರಾಡಬಹುದಿತ್ತು, ಅವಳು ಪ್ರೀತಿಯಿಂದ ಹೇಳಿದಳು. ಭಾನುವಾರ ಬಂದು ತೆಗೆದುಕೊಂಡು ಹೋಗು ಎಂದು ಮಂಜುವಿಗೆ ಫೋನ್ ಮಾಡಿದೆ. ಶನಿವಾರ ಸಂಜೆ ಕೊನೆಯ ಬಾರಿ ರಿಮ್ಮಿಗೆ ಡಾಂಬರು ಉಜ್ಜುವಾಗ, ಸುಳ್ಳೇಕೆ ಹೇಳಲಿ, ಕಣ್ಣು ಒದ್ದೆಯಾಯಿತು.

ಭಾನುವಾರ ಬಂಡೆಗೆ ಹೋಗುವ ಕೆಲಸವಿಲ್ಲದ್ದರಿಂದ ತಡವಾಗಿ ಎದ್ದು ಕಾಫಿ ಲೋಟ ಹಿಡಿದು ಮೆಟ್ಟಿಲಿಳಿದೆ. ಕೆಳಗೆ ನಮ್ಮ ಅವ್ವ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿಕೊಂಡು ಕುಳಿತಿದ್ದಳು. ದಸರೆಯ ಹೊತ್ತಿಗೆ ಬಾಗಲಕೋಟೆ ಕಡೆಯಿಂದ ನಮ್ಮ ಜೊತೆ ಇರಲು ಬಂದವಳು, ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಒಂದು ಕೈಯಲ್ಲಿ ಹಳೆಯ ಸೀರೆಯ ತುಂಡು, ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ.

“ಅವ್ವಾ, ಏನ್ ಮಾಡಾಕತ್ತೀ?”

“ಮಂದಿಗೆ ಕೊಡೂ ಸಾಮಾನ ಸ್ವಚ್ಛ ಇರಬೇಕಲ್ಲೋ ತಮ್ಮಾ. ಗಾಲಿಗೆ ಎಷ್ಟ ಡಾಂಬರ ಹತ್ತೈತಿ ನೋಡು. ಎಣ್ಣಿ ಹಚ್ಚಿದ್ರ ಹಗೂರಕ ಬಿಡ್ತೈತಿ.”

ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟು ಕೇಳಿದೆ: “ಇವತ್ತಷ್ಟ ಒರಸಾಕತ್ತೀಯೋ, ಮೊದಲೂ ಒರಸಿದ್ಯೋ?”

“ಆಯುಧಪೂಜಿ ದಿನ ನಾ ನೋಡಿದ್ನಿ, ಕರ್ರಗ ಹೊಲಸ. ಪೂಜಿಯಾಗ ಹಂತಾ ಗಾಲಿಗೆ ಕುಂಕುಮ ಹಚ್ಚಾಕ ಬರ್ತೈತೇನು? ನಾನ ತಿಕ್ಕಿ ತಗದ್ನಿ. ಮುಂದಿನ ವಾರ ನೋಡಿದ್ರ ಮತ್ತ ಮೆತ್ತಿತ್ತು! ಎಲ್ಲಿ ಡಾಂಬರ ತುಳಕೊಂಡ ಬರ್ತೀಯೋ ಏನೋ. ನೀ ಏಳೂದ್ರಾಗ ಪ್ರತಿ ಐತವಾರ ಒರಸಿ ಇಡಾಕತ್ತೇನಿ. ಸೊಸಿ ಮುಂದ ನಿನ್ನ ಮರ್ಯಾದಿ ಯಾಕ ಹೋಗಬೇಕು?”

ಶನಿವಾರ ಮಗ ಹಚ್ಚುತ್ತಾನೆ, ಭಾನುವಾರ ತಾಯಿ ಎಣ್ಣೆ ಸವರಿ ತೆಗೆಯುತ್ತಾಳೆ. ಆ ಎಣ್ಣೆಯ ಚಕ್ರದ ಮೇಲೆ ನಿಂತು ನಾನು ಬೆರಳಿನ ಶಕ್ತಿ ಹೋಯಿತೆಂದು ಅಳುತ್ತಿದ್ದೆ. ಮುಂಜಾನೆಯ ಮಬ್ಬಿನಲ್ಲಿ ರಿಮ್ಮನ್ನು ಒಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು. ನನಗೆ ಸಿಟ್ಟು ಬರಲೇ ಇಲ್ಲ. ತಲೆಯ ಮೇಲಿನ ಮೂಟೆ ಇಳಿಸಿದಂತಾಯಿತು. ಅವ್ವನನ್ನು ತಬ್ಬಿಕೊಂಡೆ, “ಎಣ್ಣಿ ಕೈ, ಅಂಗಿಗೆ ಹತ್ತೀತು ಬಿಡೋ” ಎಂದು ಬೈಸಿಕೊಂಡೆ. ಒಳಗೆ ಓಡಿ ಶೈಲಾ ಕೇಳದಿದ್ದರೂ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದುಕೊಟ್ಟೆ.

ಸೈಕಲ್ಲು ಒಯ್ಯಲು ಬಂದ ಮಂಜುವಿಗೆ ಟಿಫನ್ ಕೊಟ್ಟು ಸಮಾಧಾನ ಮಾಡಿದೆವು. ಥಿನ್ನರ್ ಹಾಕಿ ರಿಮ್ಮಿನ ಎಣ್ಣೆ ತೆಗೆದು, ಪ್ಯಾಡು ಬದಲಿಸಿ, ಹೊಸದಾಗಿ ಡಾಂಬರು ಉಜ್ಜಿ, ಎಲ್ಲರೂ ಬಂಡೆಗೆ ಹೊರಟೆವು. ಅವ್ವನೂ ಬಂದಳು, ಶೈಲಾಳೂ ಬಂದಳು. ನಾನು ಎಂದೂ ಇಲ್ಲದ ಉತ್ಸಾಹದಲ್ಲಿ ಸೊಂಟದೆತ್ತರದ ಬಂಡೆಗೆ, ಅಲ್ಲಿಂದ ಇದುವರೆಗೆ ಹತ್ತದಿದ್ದ ಪಕ್ಕದ ಆಳೆತ್ತರದ ಬಂಡೆಗೆ ಜಿಗಿದೆ. ಬ್ರೇಕು ಇಡೀ ಬಡಾವಣೆಗೆ ಕೇಳುವಂತೆ ಕಿರುಚಿ ಗಪ್ಪನೆ ಕಚ್ಚಿಕೊಂಡಿತು. ಬಂಡೆಯ ಮೇಲೆ ನೆಟ್ಟಗೆ ನಿಂತಿದ್ದೆ! ಕೆಳಗೆ ಚಪ್ಪಾಳೆ.

ಇನ್ನು ಆಚೆ ಬದಿಗೆ ಹಾರಿ ಇಳಿಯಬೇಕು. ಬಗ್ಗಿ ನೋಡಿದೆ. ಎಲ್ಲರೂ ಬಹಳ ಕೆಳಗಿದ್ದರು.

“ಬ್ರೇಕ್ ಬಿಡಿ ಸಾರ್!” ಎಂದ ಮಂಜು.

ಬಿಡಲಿಲ್ಲ. ಅವನು ಮತ್ತೆ ಮತ್ತೆ ಕೂಗಿದ, ನಾನು ಮತ್ತಷ್ಟು ಗಟ್ಟಿಯಾಗಿ ಒತ್ತಿದೆ. ಕಡೆಗೆ ಸೈಕಲ್ಲನ್ನು ಅವನ ಕೈಗೆ ಇಳಿಬಿಟ್ಟು, ನಾನು ಕುಳಿತು ಕುಳಿತೇ ಜಾರಿ ಕೆಳಗೆ ಬಂದೆ. ಶೈಲಾ ನನ್ನ ಪ್ಯಾಂಟಿನ ಹಿಂಭಾಗ ಕೊಡವುತ್ತಾ ಕೇಳಿದಳು: “ಏನಾಯ್ತ್ರೀ?”

“ಏನಿಲ್ಲ ಕಣೇ,” ಎಂದೆ. “ಬ್ರೇಕು ಸ್ವಲ್ಪ ಜಾಸ್ತಿ ಹಿಡೀತಿದೆ.”